ನೈಲ ನಾಡು, ಮಧುಗಿರಿ ಸೀಮೆ: ಒಂದು ಚೌಪದಿಗೆ ವ್ಯಾಖ್ಯಾನ

ಅರಬರೂರಿನ ಜಾತ್ರೆಯಲಿ ನೈಲ ನಾಡ ಕಂಡೆ;
ಮರದ ಪೆಟ್ಟಿಗೆ ಅಸಲು, ಬಂಗಾರ ನಕಲು;
ಗಿರಿಯ ಕಟ್ಟಿದರವರು, ಗಿರಿಗೆ ಕಟ್ಟಿದೆವು ನಾವು;
ಸುರಿವ ಬಿಸಿಲಿಗೆ ಅಲ್ಲಿ ಗುಡಿ, ಇಲ್ಲಿ ಗಾಜು.

ಪದ್ಯ ನನ್ನದೇ. ಬರೆದವನೇ ಟೀಕೆಗೂ ಕೂರುವುದು ಅಷ್ಟೇನೂ ಮರ್ಯಾದೆಯ ಕೆಲಸವಲ್ಲ. ಆದರೆ ಸಾಲುಗಳೊಳಗೆ ಹಿಡಿಸದೆ ಹೊರಗುಳಿದದ್ದು ಬಹಳ.

ಅರಬರೂರಿನ ಜಾತ್ರೆಯಲಿ... ಊರು ದುಬೈ. ಜಾತ್ರೆ ಎಂದರೆ ಅಲ್ಲಿನ ವಿಶ್ವ ಮೇಳ. ಹೆಸರು ಎಕ್ಸ್‌ಪೋ 2020. ಕೊರೊನಾ ದೆಸೆಯಿಂದ ನಡೆದದ್ದು 2021ರ ಅಕ್ಟೋಬರ್ 1ರಿಂದ 2022ರ ಮಾರ್ಚ್ 31ರವರೆಗೆ. ಕಂಡವನು ಕೊರಟಗೆರೆ, ಮಧುಗಿರಿ ಕಡೆಯಿಂದ ದುಡಿಯಲು ಹೋದವನೆಂದು ಇಟ್ಟುಕೊಳ್ಳಿ. ರಜೆಯ ದಿನ ಈಜಿಪ್ಟಿನ ಮಂಟಪ ಹೊಕ್ಕಿದ್ದಾನೆ.

ಮರದ ಪೆಟ್ಟಿಗೆ ಅಸಲು... ಸಕ್ಕಾರಾದ ನೆಲದಡಿ ಸಿಕ್ಕ ಒಂದು ಶವಪೆಟ್ಟಿಗೆ ಆ ಮಂಟಪಕ್ಕೆ ನಿಜವಾಗಿಯೂ ಬಂದಿತ್ತು. ಪುರಾತನ ದೊರೆ ಟುಟಾಂಖಮನ್‌ನ ಒಡವೆ-ವಸ್ತುಗಳು ಮಾತ್ರ ಪ್ರತಿಕೃತಿ. ಈ ಎಚ್ಚರಿಕೆ ಕಂಡಾಗ ಹಳೆಯ ಕಥೆಯೊಂದು ನೆನಪಾಗುತ್ತದೆ. 1867ರ ಪ್ಯಾರಿಸ್ ಮೇಳದಲ್ಲಿ ಈಜಿಪ್ಟ್ ಪುರಾತನ ಗುಡಿಯ ಮಾದರಿಯನ್ನೇ ಎಬ್ಬಿಸಿ, ರಾಣಿ ಅಹ್ಹೊತೆಪಳ ಅಸಲಿ ಚಿನ್ನವನ್ನು ಒಳಗಿಟ್ಟಿತ್ತು. ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿಗೆ ಅದರ ಮೇಲೆ ಮನಸ್ಸಾಯಿತು. ಈಜಿಪ್ಟಿನ ದೊರೆ ಇಸ್ಮಾಯಿಲ್, ಪುರಾತತ್ವದ ಮುಖ್ಯಸ್ಥ ಮೇರಿಯೆಟ್‌ನನ್ನು ಕೇಳಿ ಎಂದು ಜಾರಿಕೊಂಡ. ಮೇರಿಯೆಟ್ ಫ್ರೆಂಚನೇ, ಆದರೂ ಕೊಡುವುದಿಲ್ಲವೆಂದ. ಒಡವೆ ಈಜಿಪ್ಟಿಗೆ ಮರಳಿತು. ನನ್ನ ಮಟ್ಟಿಗೆ ಎಲ್ಲ ಮೇಳಗಳ ಕಥೆಗಳಲ್ಲಿ ಇದೇ ದೊಡ್ಡದು.

ಶಿರಾದಲ್ಲಿ ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ 1651ರ ಗೋರಿ ನೋಡಿದವರಿಗೆ ಶವದ ಜೊತೆ ಒಡವೆ ಹೂಳುವ ಈಜಿಪ್ಟಿನ ರೀತಿ ವಿಚಿತ್ರ. ಇಲ್ಲಿ ಖರ್ಚೆಲ್ಲ ಮೇಲಿನ ಗುಮ್ಮಟಕ್ಕೇ, ಮಣ್ಣಿನ ಕೆಳಗೆ ಒಡವೆ ಇಡುವ ರೂಢಿಯಿಲ್ಲ.

ಗಿರಿಯ ಕಟ್ಟಿದರವರು... ಗೀಜಾದಲ್ಲಿ ದೊರೆ ಖುಫುವಿನ ಪಿರಮಿಡ್ಡಿಗೆ ಸುಮಾರು 23 ಲಕ್ಷ ಕಲ್ಲು ಹಿಡಿದವು ಎಂಬುದು ಅಂದಾಜು. ಮೂಲ ಎತ್ತರ 146 ಮೀಟರ್. ಮಧುಗಿರಿಯಲ್ಲಿ ಏಕಶಿಲೆ ಮೊದಲೇ ನಿಂತಿತ್ತು, ನಮ್ಮವರು ಅದರ ಮೈಗೆ ಕೋಟೆ ಸುತ್ತಿದರು. ಚನ್ನರಾಯನದುರ್ಗದಲ್ಲೂ ಅದೇ. ಹಾಗೆಂದು ಬೆವರು ಕಡಿಮೆ ಹರಿಯಿತೆಂದಲ್ಲ. ಗೀಜಾದ ಕೆಲಸಗಾರರ ಸಮಾಧಿಗಳು 1990ರಲ್ಲಿ ಪತ್ತೆಯಾದವು; ಅವರು ಪಿರಮಿಡ್ಡಿನ ಮಗ್ಗುಲಲ್ಲೇ ಮಣ್ಣಾಗಿದ್ದರು. ನಮ್ಮ ಬೆಟ್ಟಕ್ಕೆ ಕಲ್ಲು ಹೊತ್ತವರ ಸಮಾಧಿಯನ್ನು ಯಾರಾದರೂ ಹುಡುಕಲು ಹೊರಟದ್ದನ್ನು ನಾನಂತೂ ಕೇಳಿಲ್ಲ.

ಸುರಿವ ಬಿಸಿಲಿಗೆ... ಅಖೆನಾಟನ್ ಎಂಬ ದೊರೆ ಸೂರ್ಯಬಿಂಬವೊಂದೇ ದೈವವೆಂದು, ಚಾವಣಿಯಿಲ್ಲದ ಗುಡಿ ಕಟ್ಟಿಸಿದ. ನಮ್ಮ ಪಾವಗಡದಲ್ಲಿ ಬಿಸಿಲಿಗೆ ಬೇರೆಯೇ ಸೇವೆ: ತಿರುಮಣಿ, ವಳ್ಳೂರು ಮೊದಲಾದ ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್. ಭೂಮಿ ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ಒಳ್ಳೆಯ ಲೆಕ್ಕವೇ. ಆದರೆ ಹಣ ಸೇರುವುದು ಪಹಣಿ ಇದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕಿದ ಕೂಲಿಯವರಿಗೆ ಗುತ್ತಿಗೆಯ ಒಂದು ಪೈಸೆಯೂ ಇಲ್ಲ.