ಬಡಿಸುವ ಫ್ರೆಂಚ್, ಸಾಕೆನ್ನುವ ಫ್ರೆಂಚ್

ನೈರೋಬಿಯ ಸ್ಪ್ರಿಂಗ್ ವ್ಯಾಲಿಗೆ ಗಿಗಿರಿಯ ವಿಶ್ವಸಂಸ್ಥೆ ಕಚೇರಿ ದೂರವೇನಲ್ಲ. 1972ರಲ್ಲಿ ಹುಟ್ಟಿದ ಪರಿಸರ ಕಾರ್ಯಕ್ರಮದ ಕೇಂದ್ರ ಅಲ್ಲಿದೆ. ಫ್ರೆಂಚ್ 1946ರಿಂದಲೂ ವಿಶ್ವಸಂಸ್ಥೆಯ ಕಾರ್ಯಭಾಷೆ. ಇಂಥ ಕಡೆ ನೆಲೆಸಿದ ಕನ್ನಡ ಮನೆಗೆ ಡಕಾರಿನವರೋ ಕಿನ್ಶಾಸಾದವರೋ ಪ್ಯಾರಿಸಿನವರೋ ಊಟಕ್ಕೆ ಬಂದರೆ ಅಚ್ಚರಿಯಿಲ್ಲ, ಅವರಿಗಾಗಿ ಮನೆಯವರು ಹತ್ತಿಪ್ಪತ್ತು ಫ್ರೆಂಚ್ ಮಾತು ಕಲಿಯಹೊರಟರೂ ಅಚ್ಚರಿಯಿಲ್ಲ. ಕಲಿಯುವ ಉತ್ಸಾಹ ಒಳ್ಳೆಯದೇ. ಆದರೆ ಇದಕ್ಕೆಂದು ಸಾಮಾನ್ಯವಾಗಿ ಸಿಗುವ ನುಡಿಪಟ್ಟಿಗಳನ್ನು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಊಟಕ್ಕೆ ಕರೆಯುವ ‘ಆ ತಾಬ್ಲ್’, ಊಟ ಶುರುವಾಗುವಾಗಿನ ‘ಬೋನ್ ಅಪೆತಿ’, ಬಡಿಸಿಕೊಳ್ಳಿ ಎನ್ನುವ ‘ಸೆರ್ವೆ ವೂ’, ಹೀಗೆ ಎಲ್ಲವೂ ಮನೆಯವರು ಆಡಬೇಕಾದ ಮಾತುಗಳೇ. ಅತಿಥಿ ತಿರುಗಿ ಏನೆನ್ನಬಹುದು, ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬ ಭಾಗ ಖಾಲಿ. ಊಟದ ಮನೆಯಲ್ಲಿ ಎಡವಟ್ಟಾಗುವುದು ಅಲ್ಲೇ.

ನಮ್ಮ ಉಪಚಾರದ ರೀತಿ ಗೊತ್ತಿರುವುದೇ. ಮೊದಲ ‘ಸಾಕು’ ಲೆಕ್ಕಕ್ಕಿಲ್ಲ, ಎರಡನೆಯದು ಸಂಕೋಚ, ಮೂರನೆಯದಕ್ಕೂ ಒಂದು ಸೌಟು ಬಿದ್ದೇ ಬೀಳುತ್ತದೆ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಪಾಯಸ ಬಿಡುವ ಊರು ನಮ್ಮದು. ಫ್ರಾನ್ಸಿನ ಮೇಜಿನಲ್ಲಿ ‘ಇನ್ನು ಸ್ವಲ್ಪ?’ ಎಂದಾಗ ಬರೀ ‘ಮೆರ್ಸಿ’ ಎಂದು ಕೈ ಅಲುಗಿಸಿದರೆ ಸಾಮಾನ್ಯವಾಗಿ ಬೇಡವೆಂದೇ ಅರ್ಥ. ಬೇಕಿದ್ದವರು ‘ವೊಲೊಂತ್ಯೇ’ ಎನ್ನುತ್ತಾರೆ. ಮೆರ್ಸಿ ಎಂದರೆ ಧನ್ಯವಾದ ಎಂದಷ್ಟೇ ಕಲಿತ ಗೃಹಿಣಿ ಅದನ್ನು ಒಪ್ಪಿಗೆಯೆಂದು ತಿಳಿದು ಬಿಸಿಬೇಳೆಬಾತನ್ನು ಇನ್ನಷ್ಟು ಸುರಿಯುತ್ತಾಳೆ. ಅದೇ ಆಕೆ ನಾಳೆ ಅವರ ಮನೆಗೆ ಹೋಗಿ, ಬೇಕಿದ್ದರೂ ನಮ್ಮ ಕ್ರಮದಂತೆ ಒಮ್ಮೆ ಬೇಡವೆಂದರೆ, ಪಾತ್ರೆ ಮುಂದಿನವರತ್ತ ಹೋಗಿಬಿಡುತ್ತದೆ. ಇನ್ನು ‘ಹೊಟ್ಟೆ ತುಂಬಿತು’ ಎಂಬುದನ್ನು ಪದಕ್ಕೆ ಪದವಿಟ್ಟು ‘ಜ ಸ್ವಿ ಪ್ಲೆನ್’ ಎಂದರಂತೂ, ಗಬ್ಬವಾದ ಹಸುವಿಗೆ ಹೇಳುವ ಮಾತನ್ನು ತನಗೇ ಹೇಳಿಕೊಂಡಂತೆ. ಚೆನ್ನಾಗಿ ಉಂಡೆ ಎನ್ನುವ ‘ಜೆ ಬಿಯಾಂ ಮಾಂಜೆ’ ಎಷ್ಟೋ ವಾಸಿ.

ಎರಡನೆಯ ದೋಷ, ಪಟ್ಟಿಗಳೆಲ್ಲ ಪ್ಯಾರಿಸನ್ನೇ ಎದುರಿಗಿಟ್ಟುಕೊಂಡಿರುವುದು. ಫ್ರೆಂಚರ ಹಬ್ಬದೂಟದ ಕ್ರಮವನ್ನು 2010ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು, ಸರಿ. ಆದರೆ ನೈರೋಬಿಗೆ ಹತ್ತಿರವಾದ ಫ್ರೆಂಚ್ ಎಂದರೆ ಬುರುಂಡಿಯದ್ದು, 2022ರಲ್ಲಿ ಪೂರ್ವ ಆಫ್ರಿಕಾ ಸಮುದಾಯಕ್ಕೆ ಸೇರಿದ ಕಾಂಗೋದ್ದು. ಬೆಲ್ಜಿಯಂ ಆಳಿದ ಆ ನಾಡುಗಳಲ್ಲಿ ‘ದಿನೆ’ ಎಂದರೆ ಮಧ್ಯಾಹ್ನದ ಊಟವಾಗಬಹುದು, ರಾತ್ರಿಯದು ‘ಸುಪೆ’. ಪ್ಯಾರಿಸಿನ ಪಾಠ ನಂಬಿ ‘ದಿನೆ’ಗೆ ಕರೆದರೆ ಅತಿಥಿ ಹನ್ನೆರಡೂವರೆಗೇ ಗೇಟಿನಲ್ಲಿ ನಿಂತಿರಬಹುದು. ಗಂಟೆ ಹೇಳಿ ಕರೆಯುವುದೇ ಕ್ಷೇಮ. ಖಾರದ ವಿಷಯವೂ ಹಾಗೆಯೇ: ಪಿಲಿಪಿಲಿ ಎಂದರೆ ಕೆನ್ಯಾದ ಅಡುಗೆಯವರಿಗೂ ಕಾಂಗೋದವರಿಗೂ ಮೆಣಸಿನಕಾಯಿಯೇ, ಅದಕ್ಕೆ ಪ್ಯಾರಿಸಿನ ಪದ ಹುಡುಕುವ ತಾಪತ್ರಯವಿಲ್ಲ. ಮುದ್ದೆಯಂಥದ್ದೇ ಆದ ಫುಫು ಮುರಿದು ತಿಂದ ಕೈಗೆ ನಮ್ಮ ಮುದ್ದೆ ಹೇಗೆ ತಿನ್ನಬೇಕೆಂದು ವಿವರಿಸುವ ವಾಕ್ಯವೂ ಬೇಡ.

ನೈರೋಬಿಯಲ್ಲಿ ಇಂಗ್ಲಿಷಿದೆ, ಬನ್ನಿ ಎನ್ನಲು ಸ್ವಾಹಿಲಿಯ ‘ಕರಿಬು’ ಇದೆ, ಫ್ರೆಂಚಿನ ಹಂಗೇಕೆ ಎಂದು ಕೇಳಬಹುದು. ನಿಜ, ಕೆಲಸ ನಡೆಯಲು ಅದು ಬೇಕಾಗಿಲ್ಲ. ಬೇಕಿಲ್ಲದಿದ್ದರೂ ಆಡುವುದರಿಂದಲೇ ಅದು ಮರ್ಯಾದೆಯ ಮಾತಾಗುತ್ತದೆ. ಮರ್ಯಾದೆಗೆಂದು ಆಡಿದ ಮಾತು ಎದುರಿನವರಿಗೆ ಹಿಂಸೆಯಾಗಬಾರದು. ತಪ್ಪಾದರೇನು, ಬಂದವರು ನಕ್ಕು ಸುಮ್ಮನಾಗುತ್ತಾರೆ ಎಂಬ ವಾದಕ್ಕೆ ಹೆಚ್ಚು ಬಲವಿದೆ. ಲಿಂಗ ತಪ್ಪಿದರೆ, ಉಚ್ಚಾರ ಕೆಟ್ಟರೆ ಖಂಡಿತ ನಗುತ್ತಾರೆ, ಖುಷಿಯನ್ನೂ ಪಡುತ್ತಾರೆ. ಆದರೆ ಬೇಡವೆಂದದ್ದು ಕೇಳಿಸದೆ ಹೋದರೆ ಅವರು ಅದನ್ನು ತಿದ್ದುವುದಿಲ್ಲ. ಸೌಜನ್ಯಕ್ಕೆ ಕಟ್ಟುಬಿದ್ದು ತಟ್ಟೆಯಲ್ಲಿದ್ದದ್ದನ್ನು ತಿಂದು ಮುಗಿಸುತ್ತಾರೆ. ಬಡಿಸಿದವರಿಗೆ ತಪ್ಪು ಗೊತ್ತಾಗುವುದೇ ಇಲ್ಲ. ಹಾಗಾದರೆ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಸೇರಿ ವ್ಯಾಕರಣದಿಂದ ಶುರುಮಾಡಬೇಕೇ? ಒಂದು ಭಾನುವಾರದ ಊಟಕ್ಕೆ ಅಷ್ಟೇನೂ ಬೇಡ. ಪಟ್ಟಿಯನ್ನೇ ಅರ್ಧಕ್ಕಿಳಿಸಿ, ಉಳಿದ ಜಾಗದಲ್ಲಿ ಅತಿಥಿಯ ಮಾತುಗಳನ್ನು ಬರೆದುಕೊಂಡರೆ ಸಾಕು: ಬೇಕು, ಸಾಕು, ಇದರಲ್ಲೇನಿದೆ, ಕೈ ತೊಳೆಯುವುದೆಲ್ಲಿ. ಇವನ್ನು ಆಡಲು ಬರದಿದ್ದರೂ ಚಿಂತೆಯಿಲ್ಲ, ಕೇಳಿದಾಗ ಗುರುತಾದರೆ ಆಯಿತು.