ಗೆದ್ದದ್ದು ಯಾರ ಎದುರು?

ಹೊಸ ಆಂಟಿಬಯೋಟಿಕ್ ಹಳೆಯದನ್ನು ಸೋಲಿಸುವುದು ಅಪರೂಪ. ಹೆಚ್ಚಿನವು ‘ಹಳೆಯದಕ್ಕಿಂತ ತೀರಾ ಕಳಪೆಯೇನಲ್ಲ’ ಎಂದು ತೋರಿಸಿಕೊಟ್ಟೇ ಪರವಾನಗಿ ಪಡೆಯುತ್ತವೆ. ಆದ್ದರಿಂದ 2022ರ ಅಕ್ಟೋಬರಿನಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂದ ಅಲಿಯಂ ಪ್ರಯೋಗದ ವರದಿ ಹಲವರ ಗಮನ ಸೆಳೆಯಿತು. ಜಟಿಲ ಮೂತ್ರನಾಳದ ಸೋಂಕಿಗೆ ಸೆಫೆಪೀಮ್-ಎನ್‌ಮೆಟಾಜೊಬ್ಯಾಕ್ಟಮ್ ಜೋಡಿ ಪಡೆದವರಲ್ಲಿ ಶೇ. 79.1 ಮಂದಿಗೆ ಚಿಕಿತ್ಸೆ ಪೂರ್ತಿ ಫಲಿಸಿತು. ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಪಡೆದವರಲ್ಲಿ ಶೇ. 58.9 ಮಂದಿಗೆ ಮಾತ್ರ. ಎನ್‌ಮೆಟಾಜೊಬ್ಯಾಕ್ಟಮ್ ಹುಟ್ಟಿದ್ದು ಚೆನ್ನೈನ ಆರ್ಕಿಡ್ ಕಂಪನಿಯ ಪ್ರಯೋಗಾಲಯದಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿಯೇ. ಆ ಹೆಮ್ಮೆ ಇರುವುದರಿಂದಲೇ ಈ ಗೆಲುವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು.

ಜೋಡಿಯ ಹಿಂದಿನ ತರ್ಕ ಸರಳ. ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ಇಎಸ್‌ಬಿಎಲ್ ಎಂಬ ಕಿಣ್ವಗಳನ್ನು ತಯಾರಿಸಿ ಸೆಫಲೋಸ್ಪೊರಿನ್ ಔಷಧಗಳನ್ನು ತುಂಡರಿಸುತ್ತವೆ. ಜೊತೆಗಾರ ಔಷಧ ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಮುಖ್ಯ ಔಷಧ ಉಳಿದುಕೊಳ್ಳುತ್ತದೆ.

‘ಪೂರ್ತಿ ಫಲಿಸಿತು’ ಎನ್ನುವ ಅಳತೆಯಲ್ಲಿ ಎರಡು ಸಂಗತಿಗಳು ಸೇರಿಕೊಂಡಿವೆ: ಜ್ವರ, ಉರಿ, ನೋವು ಹೋಗಬೇಕು, ಮೂತ್ರದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಪ್ರತಿ ಮಿಲಿಲೀಟರಿಗೆ ಸಾವಿರಕ್ಕಿಂತ ಕೆಳಗಿಳಿಯಬೇಕು. ಇವೆರಡನ್ನು ಬಿಡಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ರೋಗಲಕ್ಷಣ ಹೋದವರು ಹೊಸ ಜೋಡಿಯ ಗುಂಪಿನಲ್ಲಿ ಶೇ. 92.5, ಹಳೆಯದರ ಗುಂಪಿನಲ್ಲಿ ಶೇ. 88.9. ಬ್ಯಾಕ್ಟೀರಿಯಾ ಹೋದದ್ದು ಶೇ. 82.9 ಮತ್ತು ಶೇ. 64.9 ಮಂದಿಯಲ್ಲಿ. ಅಂದರೆ ಗೆಲುವಿನ ಬಹುಪಾಲು ಬಂದದ್ದು ಕಲ್ಚರ್ ರಿಪೋರ್ಟಿನಿಂದ. ಲಕ್ಷಣಗಳೇ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ, ಬಸುರಿಯರಂಥ ಕೆಲವರನ್ನು ಬಿಟ್ಟು, ಔಷಧ ಕೊಡಬೇಡಿ ಎಂದು ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ತವೆ. ಉಳಿದ ಬ್ಯಾಕ್ಟೀರಿಯಾ ಮುಂದೆ ಸೋಂಕು ಮರುಕಳಿಸುವುದಕ್ಕೆ ಕಾರಣವಾಗಬಹುದು, ನಿಜ. ಆದರೂ ಹಾಸಿಗೆಯಲ್ಲಿ ಮಲಗಿರುವವರಿಗೆ ಹತ್ತಿರವಾದ ಅಂಕಿ ಮೊದಲನೆಯದು.

ಪ್ರಯೋಗ ಕಟ್ಟಿದವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಎರಡರಲ್ಲಿ ಯಾವುದೊಂದು ಔಷಧಕ್ಕಾದರೂ ಪ್ರತಿರೋಧ ತೋರಿಸಿದ ಬ್ಯಾಕ್ಟೀರಿಯಾ ಇದ್ದವರನ್ನು ಅವರು ಮುಖ್ಯ ಲೆಕ್ಕದಿಂದ ಹೊರಗಿಟ್ಟರು. 2015ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಆಸ್ಪೆಕ್ಟ್ ಪ್ರಯೋಗದಲ್ಲಿ ಇಷ್ಟು ಎಚ್ಚರ ಇರಲಿಲ್ಲ. ಸೆಫ್ಟೊಲೊಜೇನ್-ಟಾಜೊಬ್ಯಾಕ್ಟಮ್ ಅಲ್ಲಿ ಲೀವೊಫ್ಲಾಕ್ಸಸಿನ್ ಅನ್ನು ಮೀರಿಸಿತು. ಆದರೆ ಕಾಲುಭಾಗಕ್ಕೂ ಹೆಚ್ಚು ರೋಗಿಗಳ ಬ್ಯಾಕ್ಟೀರಿಯಾ ಲೀವೊಫ್ಲಾಕ್ಸಸಿನ್‌ಗೆ ಮೊದಲೇ ಬಗ್ಗದವಾಗಿದ್ದವು.

ಅಲಿಯಂ ಬಗ್ಗೆ ನನ್ನ ತಕರಾರು ಬೇರೆ. ಈ ಜೋಡಿಯ ಬಗ್ಗೆ ಎಲ್ಲರೂ ಹೇಳುವ ಆಸೆಯ ಮಾತು, ಇದರಿಂದ ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ನ ಬಳಕೆ ತಗ್ಗುತ್ತದೆ ಎಂಬುದು. ಇಎಸ್‌ಬಿಎಲ್ ಕಂಡಾಕ್ಷಣ ನಮ್ಮ ವಾರ್ಡುಗಳಲ್ಲಿ ಮೆರೊಪೆನೆಮ್ ಡ್ರಿಪ್ ಶುರುವಾಗುತ್ತದೆ. ಅದು ಹೆಚ್ಚು ಬಳಕೆಯಾದಷ್ಟೂ ಅದನ್ನೂ ಸೋಲಿಸುವ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಹಾಗಾದರೆ ಹೋಲಿಕೆ ಮೆರೊಪೆನೆಮ್ ಜೊತೆಗೇ ನಡೆಯಬೇಕಿತ್ತು. ನಡೆದದ್ದು ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಜೊತೆಗೆ. ರಕ್ತಕ್ಕೆ ಹರಡಿದ ಇಂಥ ಸೋಂಕುಗಳಲ್ಲಿ ಆ ಔಷಧ ನೆಚ್ಚಿಕೊಳ್ಳುವಂಥದ್ದಲ್ಲ ಎಂಬುದು 2018ರಲ್ಲೇ ಮೆರಿನೊ ಪ್ರಯೋಗದಿಂದ ಗೊತ್ತಾಗಿತ್ತು: ಮೂವತ್ತು ದಿನಗಳೊಳಗೆ ತೀರಿಕೊಂಡವರು ಅದನ್ನು ಪಡೆದವರಲ್ಲಿ ಶೇ. 12.3, ಮೆರೊಪೆನೆಮ್ ಪಡೆದವರಲ್ಲಿ ಶೇ. 3.7. ಅಲಿಯಂನ ರೋಗಿಗಳನ್ನು ಸೇರಿಸಿಕೊಳ್ಳುವ ಕೆಲಸವೂ 2018ರ ಸೆಪ್ಟೆಂಬರಿನಲ್ಲೇ ಆರಂಭವಾಯಿತು. ಮುಖ್ಯ ಲೆಕ್ಕದಲ್ಲಿದ್ದ 678 ಜನರಲ್ಲಿ ಇಎಸ್‌ಬಿಎಲ್ ಬ್ಯಾಕ್ಟೀರಿಯಾ ಇದ್ದವರು 142 ಮಂದಿ. ಅವರಲ್ಲಿ ಹೊಸ ಜೋಡಿ ಶೇ. 73.7, ಹಳೆಯದು ಶೇ. 51.5. ಭರವಸೆ ಕೊಡುವ ಅಂಕಿ. ಮೆರೊಪೆನೆಮ್ ಬದಿಗಿಡಿ ಎನ್ನಲು ಸಾಲದ ಅಂಕಿ.

ಇಂಥ ಜೋಡಿ ಔಷಧಗಳನ್ನು ಹೊಟ್ಟೆಯೊಳಗಿನ ಸೋಂಕಿನಲ್ಲೂ ಪರೀಕ್ಷಿಸುತ್ತಾರೆ. ಆ ಪ್ರಯೋಗಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಸೇರುವವರಲ್ಲಿ ಬಹಳಷ್ಟು ಮಂದಿ ಅಪೆಂಡಿಕ್ಸ್ ಒಡೆದವರು, ಸರ್ಜನ್ ಕೀವು ತೆಗೆದಾಗಲೇ ಅರ್ಧ ಗುಣವಾಗುವವರು. ಔಷಧದ ಪಾಲೆಷ್ಟು, ಚಾಕುವಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೂ ಇಂಥ ಪ್ರಯೋಗವೇ ಬಹುಮುಖ್ಯ ಎಚ್ಚರಿಕೆಯೊಂದನ್ನು ಕೊಟ್ಟದ್ದುಂಟು. ಸೆಫ್ಟಾಜಿಡೀಮ್-ಅವಿಬ್ಯಾಕ್ಟಮ್‌ನ ರಿಕ್ಲೇಮ್ ಪ್ರಯೋಗದಲ್ಲಿ ಒಟ್ಟಾರೆ ಫಲಿತಾಂಶ ಸರಿಯಾಗಿಯೇ ಇತ್ತು. ಕಿಡ್ನಿ ಕುಂದಿದ್ದ ಸಣ್ಣ ಗುಂಪಿನಲ್ಲಿ ಮಾತ್ರ ಗುಣವಾದವರು ಶೇ. 45, ಮೆರೊಪೆನೆಮ್ ಕಡೆ ಶೇ. 74. ಅವರಿಗೆ ಕೊಟ್ಟ ಸೆಫ್ಟಾಜಿಡೀಮ್-ಅವಿಬ್ಯಾಕ್ಟಮ್ ಡೋಸ್ ಈಗ ಶಿಫಾರಸಾಗಿರುವುದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಇತ್ತು. ಸರಾಸರಿಯಲ್ಲಿ ಮುಚ್ಚಿಹೋಗಬಹುದಾಗಿದ್ದ ಈ ಅಂಕಿ ಇಂದು ಔಷಧದ ಲೇಬಲ್ಲಿನಲ್ಲೇ ಎಚ್ಚರಿಕೆಯಾಗಿ ಅಚ್ಚಾಗಿದೆ.

ಅಲಿಯಂ ನಡೆದದ್ದು ಯುರೋಪ್, ಅಮೆರಿಕ ಖಂಡಗಳು ಮತ್ತು ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ. ಚೆನ್ನೈನಲ್ಲಿ ಹುಟ್ಟಿದ ಅಣುವಿನ ಅತಿ ದೊಡ್ಡ ಪರೀಕ್ಷೆ ಭಾರತದ ರೋಗಿಗಳಿಲ್ಲದೆ ಮುಗಿಯಿತು. ನಮ್ಮ ಐಸಿಯುಗಳನ್ನು ಕಾಡುವುದು ಇಎಸ್‌ಬಿಎಲ್ ಒಂದೇ ಅಲ್ಲ. ಮೆರೊಪೆನೆಮ್ ಅನ್ನೂ ತುಂಡರಿಸುವ ಎನ್‌ಡಿಎಂ ಎಂಬ ಕಿಣ್ವದ ಎದುರು ಎನ್‌ಮೆಟಾಜೊಬ್ಯಾಕ್ಟಮ್ ನಿಲ್ಲದು. ಹೀಗಾಗಿ ಇಲ್ಲಿ ಯಾವ ರೋಗಿಗೆ ಈ ಜೋಡಿ, ಯಾರಿಗೆ ಬೇರೆ ಎಂದು ಕಲ್ಚರ್ ಬರುವ ಮುಂಚೆಯೇ ಊಹಿಸುವ ಕಷ್ಟ ವೈದ್ಯರ ಪಾಲಿಗೆ ಬರುತ್ತದೆ. 2024ರಿಂದ ಔಷಧ ನಮ್ಮಲ್ಲೂ ಸಿಗುತ್ತಿದೆ. ಮೆರೊಪೆನೆಮ್ ಅನ್ನು ಎದುರಿಗಿಟ್ಟು, ಕ್ಯಾತಿಟರ್ ಹಾಕಿಸಿಕೊಂಡವರನ್ನೂ ಸಕ್ಕರೆ ಕಾಯಿಲೆಯವರನ್ನೂ ಸೇರಿಸಿಕೊಂಡು, ಸೋಂಕು ಮರುಕಳಿಸಿದ್ದನ್ನೂ ಸಾವನ್ನೂ ಎಣಿಸುವ ಪ್ರಯೋಗವೊಂದನ್ನು ಬೆಂಗಳೂರು, ವೆಲ್ಲೂರು, ದೆಹಲಿಯ ದೊಡ್ಡ ಆಸ್ಪತ್ರೆಗಳು ಸೇರಿ ನಡೆಸಲು ಸಾಧ್ಯವಿದೆ. ಅದಕ್ಕೆ ಬೇಕಾದ ಹಣವನ್ನು ಕಂಪನಿಯಿಂದ ನಿರೀಕ್ಷಿಸಬಾರದು, ಸರ್ಕಾರವೇ ಕೊಡಬೇಕು.