ಬಣ್ಣ ತೊರೆದ ಸಕ್ಕರೆ ಹೂಗಳು

ಸಕ್ಕರೆಯಲ್ಲಿ ಕೈಯಾರೆ ಹೂ ಅರಳಿಸುವ ಕಲೆಯನ್ನು ಬಹುಮಟ್ಟಿಗೆ ಒಂದೇ ಅಳತೆಗೋಲಿನಿಂದ ಅಳೆಯಲಾಗುತ್ತದೆ: ನೋಡುವವರಿಗೆ ಅದು ಗಿಡದಿಂದ ಆಗಷ್ಟೇ ಕೊಯ್ದು ತಂದ ಹೂವೆಂಬ ಭ್ರಮೆ ಹುಟ್ಟಬೇಕು. 2011ರಲ್ಲಿ ಲಂಡನ್ನಿನಲ್ಲಿ ನಡೆದ ರಾಜಕುಮಾರ ವಿಲಿಯಂ ಮತ್ತು ಕ್ಯಾಥರಿನ್ ಮಿಡಲ್ಟನ್ ಅವರ ಮದುವೆಗಾಗಿ ಫಿಯೋನಾ ಕೇರ್ನ್ಸ್ ಮತ್ತು ಅವರ ತಂಡದವರು ರೂಪಿಸಿದ ಎಂಟು ಅಂತಸ್ತಿನ ಕೇಕ್ ಈ ಅಳತೆಗೋಲನ್ನೇ ಪಕ್ಕಕ್ಕಿಡುತ್ತದೆ. ಅದರ ಮೇಲಿದ್ದ ಸುಮಾರು 900 ಸಕ್ಕರೆ ಹೂಗಳು ಬಿಳಿ ಮತ್ತು ಕೆನೆಬಣ್ಣವನ್ನು ಬಿಟ್ಟು ಬೇರೆ ಬಣ್ಣವನ್ನು ಬಯಸಲೇ ಇಲ್ಲ.

ಈ ಆಯ್ಕೆ ಎಷ್ಟು ದಿಟ್ಟವಾದುದೆಂದು ತಿಳಿಯಲು ಹೂ ಮಾಡುವ ಬಗೆಯನ್ನು ಗಮನಿಸಬೇಕು. ನುಣ್ಣನೆಯ ಸಕ್ಕರೆ ಪುಡಿಗೆ ಗೋಂದು ಬೆರೆಸಿ ನಾದಿದ ಕಣಕಕ್ಕೆ ಗಮ್ ಪೇಸ್ಟ್ ಎನ್ನುತ್ತಾರೆ. ಇರಾನ್, ತುರ್ಕಿ ಕಡೆಯ ಮುಳ್ಳುಪೊದೆಗಳಿಂದ ಒಸರುವ ಟ್ರಾಗಕಾಂತ್ ಎಂಬ ಗೋಂದು ಇದಕ್ಕೆ ಹಳೆಯ ಕಾಲದಿಂದ ಬಳಕೆಯಲ್ಲಿದೆ. ಗೋಂದಿನ ಬಲದಿಂದಲೇ ಕಣಕವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಲಟ್ಟಿಸಬಹುದು. ಗುಲಾಬಿಯಾದರೆ, ತಂತಿಯ ತುದಿಗೆ ಮೊಗ್ಗಿನಾಕಾರದ ಉಂಡೆಯನ್ನು ಸಿಕ್ಕಿಸಿ ಒಣಗಿಸಿದ ಮೇಲೆ ಒಂದೊಂದೇ ಎಸಳನ್ನು ಸುತ್ತಲಾಗುತ್ತದೆ. ಎಸಳಿನ ಅಂಚನ್ನು ಗುಂಡುತುದಿಯ ಕಡ್ಡಿಯಿಂದ ತೀಡಿ ಇನ್ನಷ್ಟು ತೆಳುವಾಗಿಸಿದಾಗ ಅದು ತಾನಾಗಿಯೇ ಅಲೆಯಂತೆ ಮಡಿಯುತ್ತದೆ, ಒಳಗಿನ ಎಸಳು ಬಿಗಿಯಾಗಿ ಅಪ್ಪಿಕೊಂಡರೆ ಹೊರಗಿನದು ಸಡಿಲಗೊಂಡು ಹಿಂದಕ್ಕೆ ಬಾಗುತ್ತದೆ. ಇಲ್ಲಿ ಕೈ ತಪ್ಪಿದರೂ ಬಣ್ಣದ ಪುಡಿ ಸವರಿ ಅಂಚನ್ನು ಗಾಢವಾಗಿಸಿ ಕಣ್ಣನ್ನು ಬೇರೆಡೆಗೆ ಸೆಳೆಯುವುದು ಸುಲಭ. ಬಿಳಿ ಹೂವಿಗೆ ಆ ಆಸರೆ ಇಲ್ಲ. ಎಸಳಿನ ಬಾಗು ಮತ್ತು ಅದರ ನೆರಳು, ಇವೆರಡರಲ್ಲೇ ಹೂವಿನ ಗುರುತು ಮೂಡಬೇಕು. ಬಣ್ಣ ಬಿಟ್ಟದ್ದರಿಂದ ಈ ಕೃತಿ ಗಿಡದ ಹೂವಿನೊಡನೆ ಪೈಪೋಟಿಗಿಳಿಯದೆ ಸಕ್ಕರೆಯ ಸ್ವಭಾವಕ್ಕೆ ನಿಷ್ಠವಾಗಿ ಉಳಿಯಿತು, ಅದರ ನಿಜವಾದ ಹಿರಿಮೆಯೂ ಇದೇ.

ಆದರೆ ಸಂಕೇತಗಳ ವಿಷಯದಲ್ಲಿ ಕೇಕ್ ಅಷ್ಟು ಸಂಯಮ ತೋರಲಿಲ್ಲ. ಇಂಗ್ಲೆಂಡಿಗೆ ಗುಲಾಬಿ, ಸ್ಕಾಟ್ಲೆಂಡಿಗೆ ಥಿಸಲ್ ಎಂಬ ಮುಳ್ಳುಹೂ, ವೇಲ್ಸಿಗೆ ಡ್ಯಾಫೋಡಿಲ್, ಐರ್ಲೆಂಡಿಗೆ ಶ್ಯಾಮ್ರಾಕ್ ಎಂಬ ಮೂರೆಲೆಯ ಸೊಪ್ಪು ಎಂದು ನಾಡುಗಳ ಲಾಂಛನಗಳಿದ್ದವು. ಅವುಗಳ ಜೊತೆಗೆ ಒಂದೊಂದು ಹೂವಿಗೆ ಒಂದೊಂದು ಭಾವವನ್ನು ಹೊಂದಿಸುವ, ವಿಕ್ಟೋರಿಯಾ ಕಾಲದಲ್ಲಿ ಜನಪ್ರಿಯವಾಗಿದ್ದ ಪುಷ್ಪಭಾಷೆಯೂ ಸೇರಿತು. ವಿವರಣೆ ಕೈಯಲ್ಲಿಲ್ಲದೆ ಈ ಅರ್ಥಗಳು ನೋಡುವವರನ್ನು ತಲುಪುವುದಿಲ್ಲ. ಸಾಲದ್ದಕ್ಕೆ ಐಸಿಂಗಿನ ಎಳೆಯ ಮೇಲೆ ಎಳೆ ಹರಿಸಿ ಉಬ್ಬುಚಿತ್ತಾರ ಬಿಡಿಸುವ ಲ್ಯಾಂಬೆತ್ ಶೈಲಿಯನ್ನೂ ಬಳಸಿದ್ದರಿಂದ, ಲಿಲಿ ಆಫ್ ದಿ ವ್ಯಾಲಿಯಂಥ ಪುಟ್ಟ ಗಂಟೆಹೂವಿನ ಹೊರಕ್ಕೆ ಮಗುಚಿದ ಅಂಚು ಬಿಳಿಯ ಮೇಲಿನ ಬಿಳಿಯಲ್ಲಿ ಕಳೆದುಹೋಗುತ್ತದೆ. ಹೂಗಳ ಸಂಖ್ಯೆ ಅರ್ಧಕ್ಕಿಳಿದಿದ್ದರೆ ಕೈಚಳಕ ಇಮ್ಮಡಿಯಾಗಿ ಕಾಣುತ್ತಿತ್ತು.

2018ರಲ್ಲಿ ರಾಜಕುಮಾರ ಹ್ಯಾರಿ ಮತ್ತು ಮೇಘನ್ ಮಾರ್ಕಲ್ ಅವರ ಮದುವೆಗೆ ಕ್ಲೇರ್ ಟಾಕ್ ತಯಾರಿಸಿದ ಕೇಕಿನಲ್ಲಿ ಸಕ್ಕರೆ ಹೂಗಳ ಜಾಗಕ್ಕೆ ತಾಜಾ ಹೂಗಳೇ ಬಂದವು. ಸಕ್ಕರೆ ಹೂವಿನೊಳಗೆ ತಂತಿ ಇರುವುದರಿಂದ ಅದನ್ನು ತಿನ್ನಲಾಗದು, ತಿನ್ನಲಾಗದ ಹೂ ಬೇಕೆಂದರೆ ತೋಟದ್ದೇ ಸಾಕಲ್ಲ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಭ್ರಮೆಯೇ ಗುರಿಯಾದ ಸಕ್ಕರೆ ಹೂವಿನ ಬಳಿ ಅದಕ್ಕೆ ಉತ್ತರವೂ ಇಲ್ಲ. ಆದರೆ ತೋಟದ ಹೂ ಕೆಲವೇ ಗಂಟೆಗಳಲ್ಲಿ ಬಾಡುತ್ತದೆ, ಸಕ್ಕರೆಯದು ತೇವದಿಂದ ದೂರವಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕಿಂತ ಮಿಗಿಲಾಗಿ, ಒಂದು ಎಸಳು ಎಲ್ಲಿ ಬಾಗುತ್ತದೆ, ಏಕೆ ಬಾಗುತ್ತದೆ ಎಂಬುದನ್ನು ಒಬ್ಬರು ಕಣ್ಣಿಟ್ಟು ಕಲಿತ ಗುರುತು ಕೇರ್ನ್ಸ್ ತಂಡದ ಬಿಳಿ ಗುಲಾಬಿಯಲ್ಲಿ ಇದೆ.